ಮುಕ್ಕಾಲಿನಿಂದ ಭಾಗಿಸಿದರೆ ಉತ್ತರ ಯಾಕೆ ದೊಡ್ಡದಾಗುತ್ತೆ?

ದಸರಾ ರಜೆಗೆ ಹಾಸನದಿಂದ ತಂಗಿ ಮಗಳು ಬಂದಿದ್ದಳು. ಏಳನೇ ಕ್ಲಾಸು. ಚಿಕ್ಕಮಗಳೂರಲ್ಲಿ ನಮ್ಮದು ಕಾಫಿ ಬೀಜ ಹುರಿದು, ಪುಡಿ ಮಾಡಿ ಮಾರುವ ಸಣ್ಣ ಅಂಗಡಿ. ಗಲ್ಲಾಪೆಟ್ಟಿಗೆ ಪಕ್ಕ ಸ್ಟೂಲ್ ಹಾಕಿಕೊಂಡು ಲೆಕ್ಕ ಮಾಡುತ್ತಾ ಕೂತಿದ್ದವಳು ಇದ್ದಕ್ಕಿದ್ದ ಹಾಗೆ ಪೆನ್ಸಿಲ್ ಕೆಳಗಿಟ್ಟು, "ಮಾವ, ಇದು ಮೋಸ" ಅಂದಳು.

ನೋಡಿದರೆ 6 ÷ 3/4. ಹಿಂದಿನ ಪುಟದಲ್ಲಿ ಉತ್ತರ 8 ಅಂತಿದೆ.

"ಆರನ್ನ ಭಾಗ ಮಾಡಿದ್ರೆ ಎಂಟು ಹೆಂಗೆ ಬರುತ್ತೆ? ಕಮ್ಮಿ ಆಗ್ಬೇಕಲ್ವಾ?"

"ಕ್ಲಾಸಲ್ಲಿ ಹೇಗೆ ಮಾಡೋಕೆ ಹೇಳಿದ್ದಾರೆ?"

"ಎರಡನೇದನ್ನ ತಲೆಕೆಳಗೆ ಮಾಡಿ ಗುಣಿಸಬೇಕು ಅಂತ."

"ಯಾಕಂತೆ?"

"ಹಂಗೇ ಅಂತೆ."

ನಾನೂ ಹಂಗೇ ಅಂತ ಕಲಿತವನು. ಪರೀಕ್ಷೆಯಲ್ಲಿ ಅಂಕವೂ ಬಂತು. ಆದರೆ ಅಂಗಡಿಗೆ ಕೂತ ಮೇಲೆ ಒಂದು ಸಲ ಈ ಲೆಕ್ಕ ನನಗೆ ಸರಿಯಾಗಿ ಕೈಕೊಟ್ಟಿತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಗುಣಾಕಾರ.

ಭಿನ್ನರಾಶಿ ಅಂದರೆ ಮಕ್ಕಳು ಹೆದರುವುದು ಗೆರೆಯ ಮೇಲೊಂದು ಕೆಳಗೊಂದು ಅಂಕಿ ಇರುವುದಕ್ಕೆ. ಆದರೆ ನಮ್ಮ ಮಾತಿನಲ್ಲೇ ಆ ಎರಡೂ ಅಂಕಿ ಕೂತಿವೆ. ಮುಕ್ಕಾಲು ಅನ್ನುವ ಪದ ಬಿಡಿಸಿ ನೋಡಿ: ಮೂರು ಕಾಲು. ಮೂರು ಅನ್ನುವುದು ಎಣಿಕೆ, ಕಾಲು ಅನ್ನುವುದು ತುಂಡಿನ ಹೆಸರು. 3/4 ಅಂತ ಬರೆದಾಗ ಮೇಲಿನ 3 ಎಷ್ಟು ತುಂಡು ಅಂತ ಹೇಳುತ್ತದೆ, ಕೆಳಗಿನ 4 ಎಂಥ ತುಂಡು ಅಂತ ಹೇಳುತ್ತದೆ. ಪುಸ್ತಕದವರು ಇವಕ್ಕೆ ಅಂಶ, ಛೇದ ಅನ್ನುತ್ತಾರೆ. ಹಾಗಾಗಿ 3/4 ಅಂದರೆ ಎರಡು ಕೆಲಸ. ನಾಲ್ಕು ಪಾಲು ಮಾಡು, ಮೂರು ಪಾಲು ತಗೋ. ಒಂದು ಭಾಗಾಕಾರ, ಒಂದು ಗುಣಾಕಾರ. ಯಾವುದನ್ನು ಮೊದಲು ಮಾಡಿದರೂ ಒಂದೇ. ಒಂದು ಹೋಳಿಗೆಯನ್ನು ನಾಲ್ಕು ಮಾಡಿ ಮೂರು ತುಂಡು ತಗೊಂಡರೂ ಮುಕ್ಕಾಲು, ಮೂರು ಹೋಳಿಗೆಯನ್ನು ನಾಲ್ಕು ಜನಕ್ಕೆ ಹಂಚಿದರೂ ತಲೆಗೆ ಮುಕ್ಕಾಲು. ಈ ಮಾತು ನೆನಪಿರಲಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಇನ್ನೊಂದು ಪದ ಅರೆಕಾಲು. ಅರೆ ಅಂದರೆ ಅರ್ಧ. ಕಾಲಿನ ಅರ್ಧ ಎಷ್ಟು? ಎಂಟರಲ್ಲಿ ಒಂದು. ಅಂದರೆ 1/2 × 1/4 = 1/8. ಲೆಕ್ಕ ಪದದೊಳಗೇ ಮುಗಿದಿದೆ! ಅಮ್ಮನ ಅಡುಗೆಮನೆಯ ಅಳತೆಗಳೂ ಹೀಗೇ ಇದ್ದವು. ಸೇರು, ಅರ್ಧ ಸೇರಿಗೆ ಅಚ್ಚೇರು, ಕಾಲು ಸೇರಿಗೆ ಪಾವು, ಅದರ ಅರ್ಧಕ್ಕೆ ಅರೆಪಾವು. ಅರೆಕಾಲಿನ ಅರ್ಧ, ಅಂದರೆ ಹದಿನಾರರಲ್ಲೊಂದಕ್ಕೆ ವೀಸ ಅನ್ನುತ್ತಿದ್ದರು. ಒಂದೊಂದು ಮೆಟ್ಟಿಲಿಗೂ ಅರ್ಧದಿಂದ ಗುಣಿಸುತ್ತಾ ಇಳಿಯುವುದು.

ಗಮನಿಸಿ, ನಾವು "ಕಾಲು ಇಂಟು ಅರ್ಧ" ಅಂತ ಯಾರೂ ಮಾತಾಡುವುದಿಲ್ಲ. "ಕಾಲಿನ ಅರ್ಧ" ಅನ್ನುತ್ತೇವೆ. ಆ "ನ" ಇದೆಯಲ್ಲ, ಅದೇ ಗುಣಾಕಾರದ ಚಿಹ್ನೆ. ಎಕರೆಯ ಮುಕ್ಕಾಲು, ಕೆಜಿಯ ಅರ್ಧ, ಸಂಬಳದ ಮೂರರಲ್ಲೊಂದು ಪಾಲು, ಎಲ್ಲ ಕಡೆ ಅದೇ ಕೆಲಸ.

ಪುಟ್ಟಿಗೆ ಅವಳ ಅಪ್ಪನ ಹೊಲದ ಲೆಕ್ಕ ಹೇಳಿದೆ. ಹಾಸನದ ಕಡೆ ಮುಂಗಾರಿಗೆ ಆಲೂಗಡ್ಡೆ ಹಾಕುವುದು ಅವಳಿಗೆ ಗೊತ್ತಿರುವ ಸಂಗತಿ. ಒಂದು ಎಕರೆ ಹೊಲ ಅಂತ ಇಟ್ಟುಕೋ. ಅದರಲ್ಲಿ ಮುಕ್ಕಾಲು ಭಾಗ ಉತ್ತಿದ್ದಾರೆ. ಉತ್ತ ನೆಲದಲ್ಲಿ ಮೂರರಲ್ಲಿ ಎರಡು ಪಾಲಿಗೆ ಆಲೂಗಡ್ಡೆ. ಆಲೂಗಡ್ಡೆ ಎಷ್ಟು ಎಕರೆ? ಚೌಕ ಬರೆದು ಉದ್ದಕ್ಕೆ ನಾಲ್ಕು ಪಟ್ಟಿ ಮಾಡಿದಳು. ಮೂರು ಪಟ್ಟಿಗೆ ಗೀಟು ಹಾಕಿದಳು. ಆಮೇಲೆ ಅಡ್ಡಕ್ಕೆ ಮೂರು ಪಟ್ಟಿ ಮಾಡಿ, ಗೀಟು ಹಾಕಿದ ಜಾಗದಲ್ಲಿ ಎರಡು ಸಾಲಿಗೆ ಇನ್ನೊಂದು ಬಣ್ಣ. ಇಡೀ ಹೊಲದಲ್ಲಿ 12 ಮನೆ, ಎರಡೂ ಬಣ್ಣ ಬಿದ್ದದ್ದು 6 ಮನೆ. ಅಂದರೆ ಅರ್ಧ ಎಕರೆ. ಮೇಲೆ 3 × 2, ಕೆಳಗೆ 4 × 3. ಮೇಲಿನದನ್ನು ಮೇಲಿನದರಿಂದ, ಕೆಳಗಿನದನ್ನು ಕೆಳಗಿನದರಿಂದ ಗುಣಿಸು ಅನ್ನುವ ನಿಯಮ ಈ ಮನೆಗಳ ಎಣಿಕೆ ಅಷ್ಟೇ. ಗುಂಟೆಯಲ್ಲಿ ನೋಡಿದರೆ ಇನ್ನೂ ಸಲೀಸು. ಎಕರೆಗೆ 40 ಗುಂಟೆ, ಮುಕ್ಕಾಲು ಅಂದರೆ 30, ಅದರ ಮೂರರಲ್ಲೆರಡು 20.

ಈಗ ಇದೇ ಮಾತನ್ನು ಇನ್ನೊಂದು ತುದಿಯಿಂದ ಕೇಳೋಣ. ಆಲೂಗಡ್ಡೆ ಇರುವುದು ಅರ್ಧ ಎಕರೆಗೆ. ಅದು ಉತ್ತ ನೆಲದ ಮೂರರಲ್ಲೆರಡು ಪಾಲು. ಹಾಗಾದರೆ ಉತ್ತದ್ದು ಎಷ್ಟು? ಹೊಲ ಅದೇ, ಆಲೂಗಡ್ಡೆ ಅದೇ. ಮೊದಲು ಇಡಿ ಗೊತ್ತಿತ್ತು, ಪಾಲು ಗೊತ್ತಿರಲಿಲ್ಲ. ಈಗ ಪಾಲು ಗೊತ್ತು, ಇಡಿ ಗೊತ್ತಿಲ್ಲ. ಇದೇ ಭಾಗಾಕಾರ: 1/2 ÷ 2/3. ಗುಂಟೆಯಲ್ಲಿ ಮಾಡಿ. ಮೂರರಲ್ಲೆರಡು ಪಾಲು 20 ಗುಂಟೆ. ಒಂದು ಪಾಲು 10. ಮೂರೂ ಪಾಲು 30. ಅಂದರೆ ಮುಕ್ಕಾಲು ಎಕರೆ. ಏನು ಮಾಡಿದೆವು? 2ರಿಂದ ಭಾಗಿಸಿದೆವು, 3ರಿಂದ ಗುಣಿಸಿದೆವು. 3/2ರಿಂದ ಗುಣಿಸಿದ ಹಾಗಾಯಿತು. ಯಾರೂ ಏನನ್ನೂ ತಲೆಕೆಳಗೆ ಮಾಡಲಿಲ್ಲ, ಅದೇ ತಲೆಕೆಳಗಾಯಿತು.

ಅಂಗಡಿಯಲ್ಲಿ ಇದು ದಿನಾ ನಡೆಯುತ್ತದೆ. ಮುಕ್ಕಾಲು ಕೆಜಿ ಪುಡಿಗೆ 450 ರೂಪಾಯಿ ಅಂತ ಇಟ್ಟುಕೊಳ್ಳಿ. ಕೆಜಿಗೆ ಎಷ್ಟು? ಬರುವ ಗಿರಾಕಿಗಳಲ್ಲಿ ಯಾರೂ "450 ಭಾಗಿಸು ಮೂರು ಬೈ ನಾಲ್ಕು" ಅನ್ನುವುದಿಲ್ಲ. "ಮುಕ್ಕಾಲಿಗೆ ನಾನೂರೈವತ್ತು, ಕಾಲಿಗೆ ನೂರೈವತ್ತು, ಹಂಗಾದ್ರೆ ಕೆಜಿಗೆ ಆರುನೂರು" ಅನ್ನುತ್ತಾರೆ. ಮೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರು. ತಲೆಕೆಳಗೆ ಮಾಡಿ ಗುಣಿಸು ಅನ್ನುವುದು ಅವರ ಬಾಯಲ್ಲೇ ಇದೆ, ಹೆಸರು ಗೊತ್ತಿಲ್ಲ ಅಷ್ಟೇ.

ಹಾಗಾದರೆ 6 ÷ 3/4 ಯಾಕೆ 8? ಇಲ್ಲಿ ಭಾಗಾಕಾರದ ಇನ್ನೊಂದು ಮುಖ ನೋಡಬೇಕು. 6 ÷ 2 ಅಂದರೆ ಇಬ್ಬರಿಗೆ ಹಂಚು ಅಂತಲೂ ಆಗುತ್ತದೆ, ಆರರಲ್ಲಿ ಎಷ್ಟು ಎರಡು ಇವೆ ಅಂತಲೂ ಆಗುತ್ತದೆ. ಮುಕ್ಕಾಲು ಜನಕ್ಕೆ ಹಂಚು ಅಂದರೆ ಮಕ್ಕಳು ನಗುತ್ತಾರೆ. ಆದರೆ ಆರರಲ್ಲಿ ಎಷ್ಟು ಮುಕ್ಕಾಲು ಇವೆ ಅಂತ ಕೇಳಬಹುದು. ಆರು ಸೇರು ಅಕ್ಕಿ ಇದೆ. ಮುಕ್ಕಾಲು ಸೇರು ಹಿಡಿಯುವ ಡಬ್ಬಿ ಇದೆ. ಎಷ್ಟು ಸಲ ತುಂಬಿ ಸುರಿಯಬಹುದು? ಸೇರಿಗೆ ನಾಲ್ಕು ಪಾವು. ಆರು ಸೇರಿಗೆ 24 ಪಾವು. ಡಬ್ಬಿಗೆ ಮೂರು ಪಾವು. 24ನ್ನು ಮೂರರಿಂದ ಭಾಗಿಸಿದರೆ 8. ಮತ್ತೆ ಅದೇ: ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದ್ದು. ಸೇರಿಗಿಂತ ಡಬ್ಬಿ ಚಿಕ್ಕದು, ಅದಕ್ಕೇ ಸಲ ಜಾಸ್ತಿ. ಡಬ್ಬಿ ಸೇರಿಗಿಂತ ದೊಡ್ಡದಾಗಿದ್ದು ಒಂದೂವರೆ ಸೇರು ಹಿಡಿದಿದ್ದರೆ ನಾಲ್ಕೇ ಸಲಕ್ಕೆ ಮುಗಿಯುತ್ತಿತ್ತು. ಉತ್ತರ ದೊಡ್ಡದಾಗುವುದು ಒಂದಕ್ಕಿಂತ ಚಿಕ್ಕದರಿಂದ ಭಾಗಿಸಿದಾಗ ಮಾತ್ರ.

ಮಕ್ಕಳು ಎಡವುವ ಇನ್ನೊಂದು ಜಾಗ ಮಾತಿನದು. ಹನ್ನೆರಡನ್ನು ಅರ್ಧ ಮಾಡು ಅಂದರೆ 6. ಹನ್ನೆರಡನ್ನು ಅರ್ಧದಿಂದ ಭಾಗಿಸು ಅಂದರೆ 24. ಮೊದಲನೆಯದು ÷ 2, ಎರಡನೆಯದು ÷ 1/2. ಕಿವಿಗೆ ಎರಡೂ ಒಂದೇ ಥರ. ದೊಡ್ಡವರೂ ಇಲ್ಲಿ ಜಾರುತ್ತಾರೆ.

ಎಂಟು ಬಂದದ್ದು ಪುಟ್ಟಿಗೆ ಒಪ್ಪಿಗೆಯಾಯಿತು. ಆದರೆ ಅದು ಪೂರ್ತಿ ಹೋಗುವ ಲೆಕ್ಕ. ಪೂರ್ತಿ ಹೋಗದಿದ್ದರೆ? ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಮಾಡಿಸುವುದೇ ವಾಸಿ ಅನ್ನಿಸಿತು. ಎರಡು ಕೆಜಿ ಪುಡಿ ತೂಗಿ ತಟ್ಟೆಗೆ ಸುರಿದೆ. "ಮುಕ್ಕಾಲು ಮುಕ್ಕಾಲು ಕೆಜಿ ಪ್ಯಾಕೆಟ್ ಮಾಡು" ಅಂದೆ. ಮೊದಲನೇದು 750 ಗ್ರಾಂ. ಎರಡನೇದೂ 750. ಗ್ರಾಮಿಗೆ ಗ್ರಾಂ ಸರಿ ಬರುವ ತನಕ ಚಮಚದಲ್ಲಿ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಉಳಿದದ್ದನ್ನು ತಕ್ಕಡಿಗೆ ಇಟ್ಟಳು. 500 ಗ್ರಾಂ. ನೋಟ್‌ಬುಕ್ಕಿನಲ್ಲಿ "ಎರಡೂವರೆ" ಅಂತ ಬರೆದಳು.

"ತಲೆಕೆಳಗೆ ಮಾಡಿ ಗುಣಿಸಿ ನೋಡು" ಅಂದೆ. 2 × 4/3 = 8/3. ಎರಡು ಪೂರ್ತಿ, ಮೇಲೆ ಮೂರರಲ್ಲಿ ಎರಡು ಭಾಗ. ಮುಖ ಸಿಂಡರಿಸಿದಳು.

"ತಕ್ಕಡಿ ಅರ್ಧ ಅಂತಿದೆ, ಲೆಕ್ಕ ಬೇರೆ ಹೇಳ್ತಿದೆ. ಯಾವ್ದು ಸುಳ್ಳು?"

ಎರಡೂ ನಿಜ. ತಕ್ಕಡಿ ಹೇಳುತ್ತಿರುವುದು ಅರ್ಧ ಕೆಜಿ ಅಂತ. ನಾವು ಕೇಳಿದ್ದು ಕೆಜಿ ಎಷ್ಟು ಉಳಿಯಿತು ಅಂತಲ್ಲ, ಎಷ್ಟು ಪ್ಯಾಕೆಟ್ ಆಯಿತು ಅಂತ. ಉಳಿದ ಪುಡಿಯನ್ನು ಮೂರನೇ ಪ್ಯಾಕೆಟ್ಟಿಗೆ ಹಾಕಿಸಿದೆ. ಪ್ಯಾಕೆಟ್ ಅರ್ಧಕ್ಕಿಂತ ಮೇಲೆ ತುಂಬಿತು. 750ಕ್ಕೆ 500 ಅಂದರೆ ಮೂರರಲ್ಲಿ ಎರಡು ಭಾಗ. ಭಾಗಿಸುವ ಅಂಕಿಯೇ ಅಳತೆಗೋಲು, ಉತ್ತರ ಬರುವುದು ಆ ಗೋಲಿನ ಲೆಕ್ಕದಲ್ಲಿ. ಪ್ಯಾಕೆಟ್ ತುಂಬಿದ ಮೇಲೆ ಇಲ್ಲಿ "ಒಂದು" ಅಂದರೆ ಕೆಜಿ ಅಲ್ಲ, ಪ್ಯಾಕೆಟ್ಟು. ಭಿನ್ನರಾಶಿ ಭಾಗಾಕಾರದಲ್ಲಿ ನಿಜವಾಗಿ ಕಷ್ಟದ ಜಾಗ ಇದೊಂದೇ ಅಂತ ನನ್ನ ಅನಿಸಿಕೆ. ತಲೆಕೆಳಗೆ ಮಾಡುವುದು ಎಲ್ಲರಿಗೂ ಬರುತ್ತದೆ. ಬಂದ ಉತ್ತರ ಯಾವುದರ ಎಷ್ಟು ಭಾಗ ಅಂತ ಹೇಳು ಅಂದರೆ ಮೌನ.

ಇನ್ನು ನನಗೆ ಕೈಕೊಟ್ಟ ಕಥೆ. ಕಾಫಿ ಗಿಡದಿಂದ ಲೋಟಕ್ಕೆ ಬರುವ ತನಕ ತೂಕ ಇಳಿಯುತ್ತಲೇ ಇರುತ್ತದೆ. ನಮ್ಮ ಕಡೆ ಬೆಳೆಗಾರರು ಸೇರಿದರೆ "ಔಟ್‌ಟರ್ನ್ ಎಷ್ಟು ಬಂತು?" ಅಂತ, ಅಂದರೆ ಮೂಟೆಗೆ ಎಷ್ಟು ಬೀಜ ಸಿಕ್ಕಿತು ಅಂತ, ಕೇಳುವುದು ಸಾಮಾನ್ಯ. ಹಣ್ಣಿನ ತಿರುಳು ತೆಗೆದು ಒಣಗಿಸಿದ, ಒಳಸಿಪ್ಪೆ ಇನ್ನೂ ಇರುವ ಬೀಜಕ್ಕೆ ಪಾರ್ಚ್‌ಮೆಂಟ್ ಅನ್ನುತ್ತೇವೆ. ಅರೇಬಿಕಾ ಕಾಫಿಯ ಪಾರ್ಚ್‌ಮೆಂಟ್ 50 ಕೆಜಿ ಮೂಟೆಯ ಸಿಪ್ಪೆ ತೆಗೆಸಿದರೆ ಹೆಚ್ಚುಕಮ್ಮಿ 40 ಕೆಜಿ ಬೀಜ ಸಿಗುತ್ತದೆ. ಅಂದರೆ 4/5. ಆ ಬೀಜ ಹುರಿದಾಗ ನೀರಿನ ಅಂಶ ಆರಿ ಮತ್ತೆ ತೂಕ ಇಳಿಯುತ್ತದೆ. ಎಷ್ಟು ಕಪ್ಪಗೆ ಹುರಿಯುತ್ತೇವೆ ಅನ್ನುವುದರ ಮೇಲೆ ಹೆಚ್ಚುಕಮ್ಮಿ ಆಗುತ್ತದೆ. ನನ್ನ ಹುರಿತಕ್ಕೆ ಆರರಲ್ಲೊಂದು ಹೋಗುತ್ತದೆ, 5/6 ಉಳಿಯುತ್ತದೆ ಅಂತ ಹಿಡಿಯಿರಿ. 30 ಕೆಜಿ ಪಾರ್ಚ್‌ಮೆಂಟ್ ತಂದರೆ 24 ಕೆಜಿ ಬೀಜ, ಹುರಿದ ಮೇಲೆ 20 ಕೆಜಿ.

ಅಂಗಡಿ ಶುರು ಮಾಡಿದ ಹೊಸದರಲ್ಲಿ ಒಂದು ಮದುವೆ ಮನೆಯವರು 20 ಕೆಜಿ ಪುಡಿ ಹೇಳಿದ್ದರು, ಚಿಕೋರಿ ಇಲ್ಲದ್ದು. ಎಷ್ಟು ಬೀಜ ಹುರಿಯಬೇಕು? ನಾನು ಬುದ್ಧಿವಂತನ ಹಾಗೆ ಲೆಕ್ಕ ಹಾಕಿದೆ. ಆರರಲ್ಲೊಂದು ಹೋಗುತ್ತದೆ ತಾನೆ, ಇಪ್ಪತ್ತಕ್ಕೆ ಅದರ ಆರರಲ್ಲೊಂದು ಸೇರಿಸಿದರೆ ಆಯಿತು. ಇಪ್ಪತ್ತರ ಆರರಲ್ಲೊಂದು ಮೂರೂ ಕಾಲಿಗಿಂತ ಚೂರು ಜಾಸ್ತಿ. ಒಟ್ಟು 23 ಕೆಜಿ 300 ಗ್ರಾಂ ಚಿಲ್ಲರೆ ಹುರಿದೆ. ತೂಗಿ ನೋಡಿದರೆ ಪುಡಿ ಹತ್ತೊಂಬತ್ತೂವರೆ ಕೆಜಿ ಕೂಡ ಇಲ್ಲ. ಮಿಷನ್ನಿನಲ್ಲಿ ಅಂಟಿಕೊಂಡಿರಬೇಕು ಅಂತ ಮಿಷನ್ ಕೆರೆದು ನೋಡಿದೆ. ತಕ್ಕಡಿ ಮೇಲೆ ಅನುಮಾನ ಪಟ್ಟೆ. ಕೊನೆಗೆ ರಾತ್ರಿ ಇನ್ನೊಂದು ಸಣ್ಣ ಬ್ಯಾಚ್ ಹುರಿದು ಕೊಟ್ಟು ಮಾನ ಉಳಿಸಿಕೊಂಡೆ.

ತಪ್ಪು ಎಲ್ಲಿತ್ತು ಅಂತ ಹೊಳೆದದ್ದು ಆಮೇಲೆ. ಹೋಗುವ ಆರರಲ್ಲೊಂದು ಪಾಲು ಹಸಿ ಬೀಜದ್ದು, ಹುರಿದದ್ದರದ್ದಲ್ಲ. 24ರ ಆರರಲ್ಲೊಂದು 4. ಅದೇ 4 ಕೆಜಿ ಇಪ್ಪತ್ತಕ್ಕೆ ಐದರಲ್ಲೊಂದು ಭಾಗ. ಅಂದರೆ ಆರರಲ್ಲೊಂದು ಕಳೆದುಕೊಂಡದ್ದನ್ನು ವಾಪಸ್ ಪಡೆಯಲು ಐದರಲ್ಲೊಂದು ಸೇರಿಸಬೇಕು. ಹಾಗೆಯೇ ಐದರಲ್ಲೊಂದು ಕಳೆದದ್ದಕ್ಕೆ ನಾಲ್ಕರಲ್ಲೊಂದು. ಇದೇನು ವಿಚಿತ್ರ ಅಂತ ನೋಡಿದರೆ ಅದೇ ಹಳೆಯ ಪಾಠ. 5/6 ತಿರುಗಿಸಿದರೆ 6/5, ಅಂದರೆ ಒಂದು ಪೂರ್ತಿ, ಐದರಲ್ಲೊಂದು ಜಾಸ್ತಿ. 4/5 ತಿರುಗಿಸಿದರೆ 5/4, ಒಂದೂಕಾಲು.

ಒಂದು ಕೆಲಸವನ್ನು ಬಿಚ್ಚುವುದು ಅಂದರೆ ಇಷ್ಟೇ. 5/6ರಿಂದ ಗುಣಿಸುವುದರಲ್ಲಿ ಎರಡು ಕೆಲಸ ಇದೆ: 6ರಿಂದ ಭಾಗಿಸು, 5ರಿಂದ ಗುಣಿಸು. ಅದನ್ನು ಬಿಚ್ಚಬೇಕಾದರೆ ಗುಣಿಸಿದ ಕಡೆ ಭಾಗಿಸಬೇಕು, ಭಾಗಿಸಿದ ಕಡೆ ಗುಣಿಸಬೇಕು. 5ರಿಂದ ಭಾಗಿಸು, 6ರಿಂದ ಗುಣಿಸು. ಬರೆದರೆ 6/5. ತಲೆಕೆಳಗೆ ಯಾಕೆ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ಪುಸ್ತಕದಲ್ಲಿ 6/5ಕ್ಕೆ 5/6ರ ವ್ಯುತ್ಕ್ರಮ ಅನ್ನುತ್ತಾರೆ. ಎರಡನ್ನೂ ಗುಣಿಸಿದರೆ 1 ಬರುತ್ತದೆ. ಹೋದ ದಾರಿಯಲ್ಲೇ ವಾಪಸ್ ಬಂದ ಹಾಗೆ.

ಎರಡು ಹಂತ ಸೇರಿದರೂ ಇದೇ. ಪಾರ್ಚ್‌ಮೆಂಟಿನಿಂದ ಹುರಿದ ಬೀಜಕ್ಕೆ 4/5 × 5/6, ಅಂದರೆ 2/3. ಹಾಗಾಗಿ ಎಷ್ಟು ಕೆಜಿ ಪುಡಿ ಬೇಕೋ ಅದರ ಒಂದೂವರೆ ಪಟ್ಟು ಪಾರ್ಚ್‌ಮೆಂಟ್ ತರಬೇಕು. 20ಕ್ಕೆ 30. ಈಗ ಗೋಡೆ ಮೇಲೆ ಚಾಕ್‌ಪೀಸಿನಲ್ಲಿ 3/2 ಅಂತ ಬರೆದಿಟ್ಟುಕೊಂಡಿದ್ದೇನೆ. ಬಂದವರು ಅದು ತಾರೀಕು ಅಂದುಕೊಳ್ಳುತ್ತಾರೆ.

ಈ ನಿಯಮ ನಿನ್ನೆ ಮೊನ್ನೆಯದಲ್ಲ. ಕ್ರಿ.ಶ. 628ರಲ್ಲಿ ಗ್ರಂಥ ಬರೆದ ಗಣಿತಜ್ಞ ಬ್ರಹ್ಮಗುಪ್ತನಿಗೂ ಗೊತ್ತಿತ್ತು. ನಮ್ಮ ನಾಡಿನ ಕಡೆಗೇ ಬಂದರೆ, ಸುಮಾರು 850ರ ಹೊತ್ತಿಗೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಅನ್ನುವ ಜೈನ ಗಣಿತಜ್ಞ ಇದ್ದ. ಸಂಸ್ಕೃತದಲ್ಲಿ ಬರೆದ. ಅವನ ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಗೇ ಒಂದು ಅಧ್ಯಾಯ ಇದೆ. ಭಾಗಿಸುವ ಅಂಕಿಯ ಛೇದವನ್ನು ಅಂಶ ಮಾಡಿಕೋ, ಆಮೇಲೆ ಗುಣಾಕಾರದ ಹಾಗೇ ಮಾಡು ಅನ್ನುವುದು ಅವನ ನಿಯಮದ ಸಾರ. ಪುಟ್ಟಿಯ ಕ್ಲಾಸಿನಲ್ಲಿ ಹೇಳಿದ್ದೂ ಅದೇ ತಾನೆ! ಅಂಥವನೂ ಸೊನ್ನೆಯ ಹತ್ತಿರ ಎಡವಿದ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂದ. ಅದು ತಪ್ಪು. ಸೊನ್ನೆಯಿಂದ ಗುಣಿಸಿದರೆ ಎಲ್ಲ ಅಳಿಸಿ ಹೋಗುತ್ತದೆ. ಮೊದಲು 5 ಇತ್ತೋ 500 ಇತ್ತೋ ಅಂತ ಪತ್ತೆ ಹಚ್ಚಲು ಏನೂ ಉಳಿಯುವುದಿಲ್ಲ. ಬಿಚ್ಚಲು ಗಂಟೇ ಇಲ್ಲ. ಅದಕ್ಕೇ ಸೊನ್ನೆಗೆ ವ್ಯುತ್ಕ್ರಮ ಇಲ್ಲ.

ತಿರುಗಿಸುವುದು ಇಷ್ಟವಾಗದಿದ್ದರೆ ಇನ್ನೊಂದು ದಾರಿ ಇದೆ, ನನಗಂತೂ ಅದೇ ಜಾಸ್ತಿ ಹಿತ. ಎರಡನ್ನೂ ಒಂದೇ ಥರದ ತುಂಡಿಗೆ ತಂದುಬಿಡಿ. 3/4 ÷ 3/8 ಇದೆ. ಮುಕ್ಕಾಲು ಅಂದರೆ ಆರು ಅರೆಕಾಲು. 3/8 ಅಂದರೆ ಮೂರು ಅರೆಕಾಲು. ಆರರಲ್ಲಿ ಮೂರು ಎಷ್ಟು ಸಲ? ಎರಡು. ತುಂಡಿನ ಹೆಸರು ಒಂದೇ ಆದ ಮೇಲೆ ಹೆಸರು ಮರೆತುಬಿಡಬಹುದು, ಬರೀ ಎಣಿಕೆ ಸಾಕು. 3/4 ÷ 2/3 ಕೊಟ್ಟರೂ ಹೀಗೇ. ಹನ್ನೆರಡನೇ ತುಂಡಿನಲ್ಲಿ 9 ಮತ್ತು 8, ಉತ್ತರ 9/8. ಈ 9 ಎಲ್ಲಿಂದ ಬಂತು? 3 × 3. 8 ಎಲ್ಲಿಂದ ಬಂತು? 4 × 2. ಅಡ್ಡಡ್ಡ ಗುಣಿಸಿದ್ದು. ಅಂದರೆ ತಿರುಗಿಸಿ ಗುಣಿಸಿದ್ದೇ, ವೇಷ ಬೇರೆ.

ಎಲ್ಲ ಕೇಳಿ ಪುಟ್ಟಿ ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಕೇಳಿದ್ದು ನನಗೇ ಹೊಳೆದಿರಲಿಲ್ಲ.

"ಮಾವ, ಭಾಗಾಕಾರನೆಲ್ಲ ಗುಣಾಕಾರ ಮಾಡಬಹುದು ಅಂದ್ರೆ, ಗುಣಾಕಾರನೆಲ್ಲ ಭಾಗಾಕಾರ ಮಾಡಬಹುದಾ?"

ಮಾಡಬಹುದು. 10 × 1/2 ಅಂದರೂ 5, 10 ÷ 2 ಅಂದರೂ 5. 12 × 3/4 ಅಂದರೂ 9, 12 ÷ 4/3 ಅಂದರೂ 9. ಸೊನ್ನೆಯಿಂದ ಗುಣಿಸುವುದೊಂದು ಬಿಟ್ಟು. ಹಾಗಾದರೆ ಎರಡು ಚಿಹ್ನೆ ಯಾಕೆ ಬೇಕು ಅಂತ ಅವಳ ಮುಂದಿನ ಪ್ರಶ್ನೆ. ಅಷ್ಟರಲ್ಲಿ ಗಿರಾಕಿ ಬಂದರು, ನಾನು ಬಚಾವ್.

ರಜೆ ಮುಗಿದು ಹೊರಡುವ ದಿನ ಒಂದೂವರೆ ಕೆಜಿ ಪುಡಿ ಕಟ್ಟಿಕೊಟ್ಟೆ. ಅವರ ಮನೆಗೆ ವಾರಕ್ಕೆ 3/8 ಕೆಜಿ ಬೇಕು, ಅಂದರೆ 375 ಗ್ರಾಂ. ಎಷ್ಟು ವಾರ ಬರುತ್ತೆ ಹೇಳು ಅಂದೆ. ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಇಲ್ಲ, ಪೆನ್ಸಿಲ್ ಬ್ಯಾಗಿನೊಳಗೆ. ಬೇಲೂರು ಮೇಲೆ ಹಾಸನಕ್ಕೆ ಹೋಗುವ ಬಸ್ ಆಗಲೇ ಸ್ಟಾರ್ಟ್ ಆಗಿತ್ತು. ಬೆರಳು ಮಡಚಿದಳು. "ಒಂದು ಕೆಜಿಗೆ ಎಂಟು ಅರೆಕಾಲು, ಅರ್ಧಕ್ಕೆ ನಾಲ್ಕು. ಹನ್ನೆರಡು. ಮೂರ್ಮೂರು ತೆಗೆದ್ರೆ ನಾಲ್ಕು ವಾರ." ಮೆಟ್ಟಿಲು ಹತ್ತಿ ತಿರುಗಿ ನೋಡಿದಳು. "ಐದನೇ ವಾರಕ್ಕೆ ನೀವೇ ತಂದ್ಕೊಡ್ಬೇಕು ಮಾವ."